ತೇವದ ಊರಿನಲ್ಲಿ ಕೋಳಿಮರಿ ಮಾಡಿಸುವುದು

ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಈ ಲೆಕ್ಕ ಬೀದರಿಗೂ ಬದಿಯಡ್ಕಕ್ಕೂ ಒಂದೇ. ಬೇರೆಯಾಗುವುದು ಗಾಳಿಯ ತೇವ. ಒಣ ಊರಿನವರು ಬರೆದಿಟ್ಟ ವಿಧಾನವನ್ನು ಹಾಗೆಯೇ ತಂದು ಕಾಸರಗೋಡಿನ ಮಳೆಗಾಲದಲ್ಲಿ ನಡೆಸಿದರೆ 20ನೇ ದಿನಕ್ಕೆ ಚಿಪ್ಪಿನೊಳಗೆ ಪೂರ್ತಿ ಬೆಳೆದು ಸತ್ತ ಮರಿಗಳು ಸಿಗುತ್ತವೆ. ಬದುಕಿ ಹೊರಬಂದವು ಮೂರನೇ ವಾರ ಒದ್ದೆ ನೆಲದ ಮೇಲೆ ರಕ್ತಭೇದಿಯಿಂದ ಹೋಗುತ್ತವೆ. ಎರಡಕ್ಕೂ ಕಾರಣ ಒಂದೇ ತೇವ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧಕ್ಕರ್ಧ ತೇವದ ಮಾತೇ ಇದೆ.

ಯಾವ ತಿಂಗಳಲ್ಲಿ

ಸೋಣ ಕಳೆದ ಮೇಲೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಜನವರಿಯವರೆಗೆ ಮೊಟ್ಟೆ ಇಡುವುದು ಉತ್ತಮ. ಮರಿ ಹೊರಬರುವಾಗ ಜಡಿಮಳೆ ಬಿಟ್ಟಿರುತ್ತದೆ, ಅಂಗಳ ಒಣಗತೊಡಗಿರುತ್ತದೆ, ಮುಂದಿನ ಮಳೆಗಾಲ ಬರುವ ಹೊತ್ತಿಗೆ ಅವು ಬಲಿತ ಕೋಳಿಗಳಾಗಿರುತ್ತವೆ. ಮೇ ತಿಂಗಳ ಕೊನೆಗೆ ಕಾವಿಗೆ ಕೂತ ಹೇಂಟೆ ಮರಿ ತೆಗೆಯುವುದು ಜೂನ್ ಮಧ್ಯದ ಜಡಿಮಳೆಯಲ್ಲಿ. ಆ ಮರಿಗಳನ್ನು ಆರು ವಾರ ಒಳಗೇ ಸಾಕುವ ಜಾಗ ಇದ್ದರೆ ಕೂರಿಸಿ, ಇಲ್ಲದಿದ್ದರೆ ಕಾವು ಬಿಡಿಸಿ.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ತೊಂದರೆ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು ಇಡುವ ಪದ್ಧತಿ ನಮ್ಮಲ್ಲಿದೆ. ಇಟ್ಟರೆ ನಷ್ಟವೇನಿಲ್ಲ. ಆದರೆ ಗುಡುಗಿನ ಕಾಲವೆಂದರೆ ಸೆಕೆಯ ಕಾಲ. ಸುಮಾರು 20–21 ಡಿಗ್ರಿಗಿಂತ ಮೇಲೆ ಮೊಟ್ಟೆಯೊಳಗಿನ ಜೀವ ನಿಧಾನವಾಗಿ ಬೆಳೆಯಲು ತೊಡಗುತ್ತದೆ. 33 ಡಿಗ್ರಿಯ ಅಡುಗೆಮನೆಯಲ್ಲಿ ಹತ್ತು ದಿನ ಇಟ್ಟ ಮೊಟ್ಟೆಯಲ್ಲಿ ಅದು ಪೂರ್ತಿ ಬೆಳೆಯುವಷ್ಟು ಬಿಸಿಯಿಲ್ಲ, ಮಲಗುವಷ್ಟು ತಂಪಿಲ್ಲ. ನಡುವೆ ಸಾಯುತ್ತದೆ. ಕಾವಿಗೆ ಇಡುವ ಮೊದಲೇ ಸತ್ತದ್ದಕ್ಕೆ ಗುಡುಗು ಏನು ಮಾಡೀತು?

ಮೊಟ್ಟೆ ಆರಿಸುವುದು

ಅಂಗಡಿಯ ಬಿಳಿ ಫಾರಂ ಮೊಟ್ಟೆ ಮರಿಯಾಗುವುದಿಲ್ಲ, ಆ ಕೋಳಿಗಳ ನಡುವೆ ಹುಂಜವೇ ಇರುವುದಿಲ್ಲ. ಎಂಟು–ಹತ್ತು ಹೇಂಟೆಗಳಿಗೆ ಒಂದು ಹುಂಜ ಇರುವ ಮನೆಯ ಮೊಟ್ಟೆ ಬೇಕು. ಹುಂಜ ತೀರಾ ಮುದಿಯಾಗಿರಬಾರದು, ಕಾಲು ಕುಂಟಿರಬಾರದು. ಕುಂಟು ಹುಂಜ ಕೂಗುವುದರಲ್ಲಿ ಮುಂದಿರಬಹುದು, ಮೊಟ್ಟೆಗಳು ಮಾತ್ರ ಗೊಡ್ಡಾಗುತ್ತವೆ.

ತಳಿಯ ಬಗ್ಗೆ ಒಂದು ಮಾತು. ಗಿರಿರಾಜ, ಗ್ರಾಮಶ್ರೀಯಂಥವು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೇರೆ ಬೇರೆ ತಳಿ ಕೂಡಿಸಿ ಮಾಡಿದವು. ಅವುಗಳ ಮೊಟ್ಟೆಯಿಂದ ಮನೆಯಲ್ಲಿ ಮರಿ ಮಾಡಿಸಿದರೆ ಮರಿ ಬರುತ್ತದೆ, ಆದರೆ ತಾಯಿಯ ತೂಕವೂ ಮೊಟ್ಟೆಯ ಲೆಕ್ಕವೂ ಹಾಗೆಯೇ ಬರುವುದಿಲ್ಲ. ಅವು ಕಾವಿಗೂ ಸರಿಯಾಗಿ ಕೂರುವುದಿಲ್ಲ. ವರ್ಷ ವರ್ಷ ಮನೆಯಲ್ಲೇ ಮರಿ ಮಾಡಿಸುವುದಾದರೆ ಊರಕೋಳಿಯೇ ಸರಿ. ನಮ್ಮ ಪಕ್ಕದ ತಲಶ್ಶೇರಿ ಕೋಳಿ, ಕಪ್ಪು ಮೈ, ಬಿಸಿಲಿಗೆ ನೀಲಿ ಹೊಳೆಯುವ ಗರಿಯದು, ಈ ಹವೆಗೆ ಒಗ್ಗಿದ್ದು. ಅದರ ಮೊಟ್ಟೆ ಚಿಕ್ಕದು, 40 ಗ್ರಾಂ ಆಸುಪಾಸು.

ತೀರಾ ದೊಡ್ಡ ಮೊಟ್ಟೆ, ತೀರಾ ಚಿಕ್ಕದು, ಉರುಟಾದದ್ದು, ಚಿಪ್ಪು ತರಿತರಿಯಾದದ್ದು ಬೇಡ. ಎರಡು ಮೊಟ್ಟೆಗಳನ್ನು ಮೆಲ್ಲಗೆ ತಟ್ಟಿದರೆ ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಕೊಡುತ್ತದೆ. ಮೊಟ್ಟೆ ತೊಳೆಯಬಾರದು. ಚಿಪ್ಪಿನ ಮೇಲಿನ ತೆಳು ಪೊರೆ ತೊಳೆದುಹೋದರೆ ಕೊಳೆ ನೇರ ಒಳಗೆ ಹೋಗುತ್ತದೆ. ಒಣ ಹಿಕ್ಕೆ ಅಂಟಿದ್ದರೆ ಒಣ ಬಟ್ಟೆಯಿಂದ ಉಜ್ಜಿ, ಹೋಗದಿದ್ದರೆ ಆ ಮೊಟ್ಟೆ ಪಲ್ಯಕ್ಕಿರಲಿ.

ಸಂಗ್ರಹಿಸುವಾಗ ಬೊಡ್ಡು ತುದಿ ಮೇಲೆ, ಚೂಪು ತುದಿ ಕೆಳಗೆ. ತಂಪುಕಾಲದಲ್ಲಿ ಏಳು ದಿನ, ಸೆಕೆಗಾಲದಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡಬಾರದು. ಒಂದು ಅಗಲ ಪಾತ್ರೆಯಲ್ಲಿ ಒದ್ದೆ ಮರಳು ಹಾಕಿ ಅದರಲ್ಲಿ ಮಣ್ಣಿನ ಮಡಕೆ ಅರ್ಧ ಹೂತು, ಮಡಕೆಯೊಳಗೆ ಒಣ ಉಮಿಯ ಮೇಲೆ ಮೊಟ್ಟೆ ಇಟ್ಟು ಬಟ್ಟೆ ಮುಚ್ಚಿದರೆ ನಾಲ್ಕೈದು ಡಿಗ್ರಿ ತಂಪು ಸಿಗುತ್ತದೆ. ಫ್ರಿಜ್ಜಿನ ತಂಪು ಮಿತಿಮೀರಿದ್ದು.

ಹೇಂಟೆಯ ಕೆಳಗೆ

ಹತ್ತು–ಹನ್ನೆರಡು ಮೊಟ್ಟೆಗೆ ಹೇಂಟೆಗಿಂತ ಒಳ್ಳೆಯ ಯಂತ್ರ ಇಲ್ಲ. ಕಾವು ಬಂದ ಹೇಂಟೆ ಗೂಡು ಬಿಟ್ಟು ಏಳುವುದಿಲ್ಲ, ಕೈ ಚಾಚಿದರೆ ಗರಿ ಉಬ್ಬಿಸಿ ಗೊರಗುಟ್ಟುತ್ತದೆ, ಎದೆಯ ಗರಿ ಉದುರಿ ಚರ್ಮ ಬಿಸಿಯಾಗಿರುತ್ತದೆ. ಆದರೂ ಮೊದಲ ದಿನವೇ ಒಳ್ಳೆಯ ಮೊಟ್ಟೆ ಕೊಡಬೇಡಿ. ಎರಡು ಸಾದಾ ಮೊಟ್ಟೆ ಇಟ್ಟು ಎರಡು ರಾತ್ರಿ ನೋಡಿ. ಅಲುಗದೆ ಕೂತರೆ ಮೂರನೇ ರಾತ್ರಿ, ಕತ್ತಲಾದ ಮೇಲೆ, ಹೇಂಟೆಯನ್ನು ಹೊಸ ಜಾಗಕ್ಕೆ ತಂದು ಮೊಟ್ಟೆಗಳ ಮೇಲೆ ಕೂರಿಸಿ. ಹಗಲು ಸ್ಥಳ ಬದಲಿಸಿದರೆ ಅದು ಹಳೆಯ ಗೂಡಿಗೇ ಓಡುತ್ತದೆ.

ಬುಟ್ಟಿ 40 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳ ಇದ್ದರೆ ಸಾಕು. ತಳಕ್ಕೆ ನಾಲ್ಕು ಬೆರಳು ದಪ್ಪ ಮರಳು, ಅದರ ಮೇಲೆ ಒಂದು ಹಿಡಿ ಒಲೆಬೂದಿ, ಮೇಲೆ ಬೈಹುಲ್ಲು. ಮರಳನ್ನು ಕೈಯಿಂದ ಒತ್ತಿ ತಟ್ಟೆಯ ಹಾಗೆ ಸ್ವಲ್ಪ ಗುಳಿ ಮಾಡಬೇಕು. ಗುಳಿ ಇಲ್ಲದಿದ್ದರೆ ಮೊಟ್ಟೆ ಅಂಚಿಗೆ ಉರುಳಿ ತಣ್ಣಗಾಗುತ್ತದೆ. ಗುಳಿ ಆಳವಾದರೆ ಒಂದರ ಮೇಲೊಂದು ಬಿದ್ದು ಒಡೆಯುತ್ತದೆ. ಹೇನಿಗೆ ಬೇವಿನ ಸೊಪ್ಪು, ಎಲೆಯಡಿಕೆಗೆ ತಂದ ಹೊಗೆಸೊಪ್ಪಿನ ದಂಟು ಹುಲ್ಲಿನ ಅಡಿಯಲ್ಲಿಡಿ. ಹೇನು ಹತ್ತಿದ ಹೇಂಟೆ 15ನೇ ದಿನದ ಹೊತ್ತಿಗೆ ಮೊಟ್ಟೆ ಬಿಟ್ಟು ಎದ್ದುಹೋಗುವುದುಂಟು. ಅಷ್ಟು ದಿನದ ಕಾವು ವ್ಯರ್ಥ.

ಇರುವೆಯನ್ನು ಹಗುರವಾಗಿ ನೋಡಬೇಡಿ. ಚಿಪ್ಪು ಒಡೆಯುವ ದಿನ ಒಂದು ಸಾಲು ಕೆಂಪಿರುವೆ ಹತ್ತಿದರೆ ಮರಿ ಹೊರಬರುವ ಮುಂಚೆಯೇ ತೀರಿಹೋಗುತ್ತದೆ. ನಾಲ್ಕು ಕಾಲಿನ ಮಣೆಯ ಮೇಲೆ ಬುಟ್ಟಿ ಇಟ್ಟು, ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿ. ನೀರಿಗೆ ನಾಲ್ಕು ಹನಿ ಸೀಮೆಎಣ್ಣೆ ಹಾಕಿದರೆ ಸೊಳ್ಳೆಯೂ ಆಗುವುದಿಲ್ಲ.

ಪ್ರತಿ ಮೊಟ್ಟೆಗೂ ಪೆನ್ಸಿಲಿನಿಂದ ಗುರುತು ಹಾಕಿ. ಹೇಂಟೆ ಮೇಯಲು ಎದ್ದಾಗ ಬೇರೆ ಕೋಳಿ ಬಂದು ಅಲ್ಲೇ ಮೊಟ್ಟೆಯಿಟ್ಟು ಹೋಗುತ್ತದೆ. ಗುರುತಿಲ್ಲದ್ದನ್ನು ಅಂದೇ ತೆಗೆಯಬಹುದು. ಕಾವಿನ ಕೋಳಿಗೆ ದಿನಕ್ಕೊಮ್ಮೆ ಇಡಿ ಭತ್ತ ಅಥವಾ ಜೋಳ, ನೀರು. 15–20 ನಿಮಿಷ ಹೊರಗಿದ್ದು ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಿ ಬರಲಿ. ತಾನಾಗಿ ಏಳದ ಹಟಮಾರಿಯನ್ನು ಎತ್ತಿ ಹೊರಗೆ ಬಿಡಿ. ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿಲ್ಲವೇ ನೋಡಿ.

ಮೀನಿನ ಪೆಟ್ಟಿಗೆಯ ಯಂತ್ರ

20–30 ಮೊಟ್ಟೆಗಳಾದರೆ, ಅಥವಾ ಕಾವಿನ ಹೇಂಟೆ ಸಿಗದಿದ್ದರೆ, ಪೆಟ್ಟಿಗೆ ಬೇಕು. ಕುಂಬಳೆ, ಉಪ್ಪಳದ ಮೀನು ಮಾರ್ಕೆಟಿನಲ್ಲಿ ಐಸ್ ಹಾಕಿ ಬರುವ ಥರ್ಮಾಕೋಲ್ ಪೆಟ್ಟಿಗೆ ಇದಕ್ಕೆ ಹೇಳಿಮಾಡಿಸಿದಂತಿದೆ. ಸುಮಾರು 60 ಸೆಂಟಿಮೀಟರ್ ಉದ್ದ, 40 ಅಗಲದ್ದು ಸಾಕು. ವಾಷಿಂಗ್ ಸೋಡ ಹಾಕಿದ ನೀರಿನಲ್ಲಿ ಎರಡು ಸಲ ತೊಳೆದು, ವಾಸನೆ ಹೋಗುವ ತನಕ ಎರಡು ಮೂರು ಬಿಸಿಲು ಕಾಯಿಸಿ.

ಬೇಕಾದ ಭಾಗಗಳು: 40 ವಾಟಿನ ಹಳೆ ಮಾದರಿಯ ತಂತಿ ಬಲ್ಬು ಎರಡು, ಬಿಸಿ ನೋಡಿ ಬಲ್ಬನ್ನು ತಾನೇ ಹೊತ್ತಿಸಿ ಆರಿಸುವ 230 ವೋಲ್ಟಿನ ಡಿಜಿಟಲ್ ಥರ್ಮೋಸ್ಟಾಟ್ ಒಂದು, ಕಂಪ್ಯೂಟರಿನ 12 ವೋಲ್ಟ್ ಫ್ಯಾನು ಮತ್ತು ಅದರ ಅಡಾಪ್ಟರ್, ತೇವ ಅಳೆಯುವ ಚಿಕ್ಕ ಮೀಟರ್, ಮೊಟ್ಟೆಯ ಕೆಳಗೆ ಹಾಸಲು ಅರ್ಧ ಇಂಚಿನ ಕಬ್ಬಿಣದ ಬಲೆ. ಎಲ್‌ಇಡಿ ಬಲ್ಬಿನಲ್ಲಿ ಬಿಸಿ ಇಲ್ಲ, ಅದು ಆಗದು. ಬಲ್ಬು ಎರಡು ಬೇಕೆನ್ನುವುದು ಬಿಸಿ ಹೆಚ್ಚಲಿ ಎಂದಲ್ಲ. ನಡುರಾತ್ರಿ ಒಂದು ಸುಟ್ಟರೆ ಇನ್ನೊಂದು ಬೆಳಗಿನವರೆಗೆ ಕಾಪಾಡುತ್ತದೆ. ಬಲ್ಬಿಗೂ ಥರ್ಮಾಕೋಲಿಗೂ ಹತ್ತು ಸೆಂಟಿಮೀಟರ್ ಅಂತರ ಇರಲೇಬೇಕು, ಇಲ್ಲದಿದ್ದರೆ ಕರಗುತ್ತದೆ, ಹೊತ್ತಿಕೊಳ್ಳಲೂ ಬಹುದು. ಬಲ್ಬಿಗೂ ಮೊಟ್ಟೆಗೂ ನಡುವೆ ಬಿಸ್ಕತ್ತು ಡಬ್ಬದ ತಗಡು ಅಡ್ಡ ನಿಲ್ಲಿಸಿ. ಫ್ಯಾನು ಬಲ್ಬಿನ ಕಡೆ ಬೀಸಲಿ, ಮೊಟ್ಟೆಯ ಮೇಲಲ್ಲ. ಕೆಳಭಾಗದಲ್ಲಿ ನಾಲ್ಕು, ಮೇಲೆ ನಾಲ್ಕು ತೂತು, ಕಿರುಬೆರಳು ಹೋಗುವಷ್ಟು.

ಥರ್ಮೋಸ್ಟಾಟಿನ ಬಿಸಿ ಅಳೆಯುವ ಮೂತಿ ಮೊಟ್ಟೆಯ ಎತ್ತರದಲ್ಲೇ, ತಗಡಿನ ನೆರಳಿನಲ್ಲಿ ಇರಲಿ. 37.3ಕ್ಕೆ ಬಲ್ಬು ಹೊತ್ತುವಂತೆ, 37.7ಕ್ಕೆ ಆರುವಂತೆ ಇಡಿ. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5 ಇರಬೇಕು, ಏಕೆಂದರೆ ಅಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಅಗ್ಗದ ಮೀಟರು ಒಂದು ಡಿಗ್ರಿ ಹೆಚ್ಚು ಕಡಿಮೆ ಹೇಳುತ್ತದೆ. ಮರಿಗೆ ಒಂದು ಡಿಗ್ರಿ ಎಂದರೆ ಬದುಕು, ಸಾವಿನ ಅಂತರ. ಮನೆಯ ಜ್ವರ ನೋಡುವ ಥರ್ಮಾಮೀಟರನ್ನೂ ಥರ್ಮೋಸ್ಟಾಟಿನ ಮೂತಿಯನ್ನೂ ಒಂದೇ ಲೋಟದ ಉಗುರುಬೆಚ್ಚನೆಯ ನೀರಿನಲ್ಲಿ ಹಿಡಿದು ಹೋಲಿಸಿ. ಜ್ವರದ ಮಾಪಕದ 99.5 ಎಂದರೆ 37.5 ಡಿಗ್ರಿ. ತೇವದ ಮೀಟರಿಗೂ ಪರೀಕ್ಷೆ ಇದೆ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಂತೆ ನಾಲ್ಕು ಹನಿ ನೀರು ಬಿಟ್ಟು, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಮುಚ್ಚಿಡಿ. 75 ತೋರಿಸಬೇಕು. 69 ತೋರಿಸಿದರೆ ಮುಂದೆ ಪ್ರತಿ ಸಲವೂ 6 ಕೂಡಿಸಿ ಓದಿ.

ಖಾಲಿ ಪೆಟ್ಟಿಗೆ ಒಂದು ಹಗಲು ಒಂದು ರಾತ್ರಿ ನಡೆಯಲಿ. ಮೊಟ್ಟೆ ಇಟ್ಟ ಮೇಲೆ ನಾಲ್ಕಾರು ಗಂಟೆ ಬಿಸಿ ಏರುವುದೇ ಇಲ್ಲ. ಆಗ ಗಾಬರಿಯಾಗಿ ಥರ್ಮೋಸ್ಟಾಟ್ ತಿರುಗಿಸಿದವರ ಮೊಟ್ಟೆ ಮಧ್ಯರಾತ್ರಿ ಬೇಯುತ್ತದೆ. ಮುಟ್ಟಬೇಡಿ.

ಮೊಟ್ಟೆಯ ಒಂದು ಬದಿಗೆ ಗುಣಿಸು ಗುರುತು, ಇನ್ನೊಂದು ಬದಿಗೆ ಸೊನ್ನೆ ಬರೆದು, ದಿನಕ್ಕೆ ಮೂರು ಅಥವಾ ಐದು ಸಲ ಮಗುಚಿ. ಬೆಸ ಸಂಖ್ಯೆ ಏಕೆಂದರೆ ದೀರ್ಘ ರಾತ್ರಿ ಒಂದೇ ಮಗ್ಗುಲಿಗೆ ಎರಡು ದಿನ ಬೀಳಬಾರದು. ಮಗುಚದಿದ್ದರೆ ಒಳಗಿನ ಜೀವ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಇಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು. ಭಾನುವಾರ ಸಂಜೆ ಇಟ್ಟರೆ ಮೂರು ವಾರ ಕಳೆದ ಭಾನುವಾರ ಮರಿ.

ನೀರು ಎಷ್ಟು?

ಹೆಚ್ಚಿನವರು ತಪ್ಪುವುದು ಇಲ್ಲಿ. ಮೊದಲ 18 ದಿನ ಪೆಟ್ಟಿಗೆಯೊಳಗೆ ಶೇಕಡಾ 50 ಆಸುಪಾಸು ತೇವ ಬೇಕು. ಅದಕ್ಕೆ ನೀರಿನ ತಟ್ಟೆ ಇಡಬೇಕು ಎನ್ನುತ್ತಾರೆ. ಆದರೆ ಜುಲೈಯಲ್ಲಿ ನಮ್ಮ ಕೋಣೆಯ ಗಾಳಿ 28 ಡಿಗ್ರಿ, ತೇವ 85 ಎಂದಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ತಾನಾಗಿಯೇ ತೇವ 50ಕ್ಕೆ ಇಳಿಯುತ್ತದೆ. ಒಂದು ಹನಿ ನೀರು ಇಡಬೇಕಾಗಿಲ್ಲ. ಇಟ್ಟರೆ 65, 70 ಆಗುತ್ತದೆ, ಮೊಟ್ಟೆಯೊಳಗಿನ ನೀರು ಆವಿಯಾಗಿ ಹೊರಹೋಗುವುದಿಲ್ಲ, ಬೊಡ್ಡು ತುದಿಯ ಗಾಳಿಕೋಣೆ ದೊಡ್ಡದಾಗುವುದಿಲ್ಲ. ಮರಿ ಮೊದಲ ಉಸಿರು ಎಳೆಯುವುದು ಆ ಗಾಳಿಕೋಣೆಯಿಂದ. ಜಾಗ ಸಾಲದೆ ಅದು ಒಳಗೇ ಮುಳುಗಿ ಸಾಯುತ್ತದೆ. ಅದೇ ಜನವರಿಯಲ್ಲಿ, 27 ಡಿಗ್ರಿ, 65 ತೇವದ ಗಾಳಿ ಪೆಟ್ಟಿಗೆಯೊಳಗೆ ಬಂದರೆ 36ಕ್ಕೆ ಇಳಿಯುತ್ತದೆ. ಆಗ ಒಂದು ತೆಂಗಿನ ಗೆರಟೆ ನೀರು ಬೇಕು.

ಮೀಟರನ್ನು ನಂಬುವುದಕ್ಕಿಂತ ತಕ್ಕಡಿಯನ್ನು ನಂಬುವುದು ಮೇಲು. ಮೊಟ್ಟೆ 18ನೇ ದಿನಕ್ಕೆ ತನ್ನ ತೂಕದಲ್ಲಿ ಶೇಕಡಾ 13ರಷ್ಟು ಕಳೆದುಕೊಂಡಿರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹತ್ತು ಮೊಟ್ಟೆ ಒಟ್ಟಿಗೆ ತೂಗಿ. 420 ಗ್ರಾಂ ಇದ್ದರೆ ದಿನಕ್ಕೆ 3 ಗ್ರಾಂ ಇಳಿಯಬೇಕು. ಏಳನೇ ದಿನಕ್ಕೆ 399, ಹದಿನಾಲ್ಕಕ್ಕೆ 378, ಹದಿನೆಂಟಕ್ಕೆ 365ರ ಹತ್ತಿರ. ಏಳನೇ ದಿನ 408 ಇದ್ದರೆ ನೀರು ತೆಗೆದು ಮೇಲಿನ ತೂತು ಪೂರ್ತಿ ತೆರೆಯಿರಿ. 390ಕ್ಕೆ ಇಳಿದಿದ್ದರೆ ಇನ್ನೊಂದು ಗೆರಟೆ ನೀರು ಇಡಿ.

ಮಳೆಗಾಲದಲ್ಲಿ ಕರೆಂಟು ಹೋಗದ ದಿನವೇ ಕಡಿಮೆ. ಎರಡು ಮೂರು ಗಂಟೆಗೆ ಹೆದರಬೇಕಾಗಿಲ್ಲ, ಹೇಂಟೆಯೂ ದಿನಾ ಎದ್ದುಹೋಗುತ್ತದಲ್ಲ. ಮೊದಲ ಎರಡು ವಾರ ಮುಚ್ಚಳ ತೆರೆಯದೆ ಕಂಬಳಿ ಹೊದೆಸಿ, ಹೆಚ್ಚು ಹೊತ್ತಾದರೆ ಬಿಸಿನೀರಿನ ಬಾಟಲಿ ಬಟ್ಟೆ ಸುತ್ತಿ ಮೂಲೆಯಲ್ಲಿಡಿ. 15ನೇ ದಿನದ ಮೇಲೆ ಮೊಟ್ಟೆಗಳೇ ಬಿಸಿ ಹುಟ್ಟಿಸುತ್ತವೆ, ಅವಕ್ಕೆ ಗಾಳಿಯೂ ಹೆಚ್ಚು ಬೇಕು. ಆಗ ಕಂಬಳಿ ತೂತುಗಳನ್ನು ಮುಚ್ಚದಿರಲಿ, ಅರ್ಧ ಗಂಟೆಗೊಮ್ಮೆ ಮುಚ್ಚಳ ಎತ್ತಿ ಬಿಡಿ.

ಬೆಳಕಿನಲ್ಲಿ ನೋಡುವುದು

ಏಳನೇ ರಾತ್ರಿ, ಕತ್ತಲ ಕೋಣೆಯಲ್ಲಿ, ರಟ್ಟಿಗೆ ಒಂದು ರೂಪಾಯಿ ನಾಣ್ಯದಷ್ಟು ತೂತು ಕೊರೆದು ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿಯಿರಿ. ಮೊಟ್ಟೆಯ ಬೊಡ್ಡು ತುದಿ ತೂತಿಗೆ ಒತ್ತಿದರೆ ಒಳಗೆ ಕೆಂಪು ಎಳೆಗಳು ಜೇಡದ ಕಾಲಿನ ಹಾಗೆ ಹರಡಿ, ನಡುವೆ ಒಂದು ಕಪ್ಪು ಚುಕ್ಕೆ ಮಿಡಿಯುವುದು ಕಾಣುತ್ತದೆ. ಏನೂ ಕಾಣದೆ ಹಳದಿ ದೀಪದಂತಿದ್ದರೆ ಗೊಡ್ಡು. ಎಳೆಗಳಿಲ್ಲದೆ ಒಂದು ರಕ್ತದ ಉಂಗುರ ಮಾತ್ರ ಇದ್ದರೆ ಮೊದಲ ವಾರದಲ್ಲೇ ಸತ್ತದ್ದು. ಎರಡನ್ನೂ ತೆಗೆಯಿರಿ, ಕೊಳೆತು ಸಿಡಿದರೆ ಉಳಿದವಕ್ಕೂ ಕೇಡು. 14ನೇ ದಿನ ಗಾಳಿಕೋಣೆ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರಬೇಕು. ಕಂದು ಬಣ್ಣದ ದಪ್ಪ ಚಿಪ್ಪಿನಲ್ಲಿ ಏಳನೇ ದಿನ ಖಚಿತವಾಗದಿದ್ದರೆ ಹತ್ತನೇ ದಿನದವರೆಗೆ ಕಾಯಿರಿ.

ಕೊನೆಯ ಮೂರು ದಿನ

18ನೇ ದಿನದ ಸಂಜೆಯಿಂದ ಮಗುಚುವುದು ನಿಲ್ಲಿಸಿ. ಬಲೆಯ ಮೇಲೆ ಒರಟು ಬಟ್ಟೆ ಹಾಸಿ. ಈಗ ತೇವ 65–70ಕ್ಕೆ ಏರಬೇಕು, ಮಳೆಗಾಲದಲ್ಲಾದರೂ ಒದ್ದೆ ಬಟ್ಟೆ ಹಾಕಿದ ಒಂದು ತಟ್ಟೆ ಬೇಕು. ತೂತುಗಳೆಲ್ಲ ತೆರೆದಿರಲಿ. 20ನೇ ದಿನ ಪೆಟ್ಟಿಗೆಗೆ ಕಿವಿಗೊಟ್ಟರೆ ಒಳಗಿನಿಂದ ಚಿಂವ್ ಎನ್ನುವುದು ಕೇಳುತ್ತದೆ. ಚಿಪ್ಪಿನಲ್ಲಿ ಮೊದಲ ಬಿರುಕು ಬಿದ್ದ ಮೇಲೆ ಮರಿ 12ರಿಂದ 24 ಗಂಟೆ ಸುಮ್ಮನಿರಬಹುದು. ಆ ಹೊತ್ತಿನಲ್ಲಿ ಅದು ಹೊಟ್ಟೆಗೆ ಹಳದಿಯನ್ನು ಎಳೆದುಕೊಳ್ಳುತ್ತಿರುತ್ತದೆ, ಚಿಪ್ಪಿನ ಪೊರೆಯ ರಕ್ತ ಮೈಗೆ ಸೇರುತ್ತಿರುತ್ತದೆ. ಪಾಪ, ಕಷ್ಟಪಡುತ್ತಿದೆ ಎಂದು ಚಿಪ್ಪು ಬಿಡಿಸಿದರೆ ರಕ್ತ ಬರುತ್ತದೆ, ಹೊಕ್ಕುಳು ತೆರೆದ ಮರಿ ಎರಡೇ ದಿನ. ಮುಚ್ಚಳ ತೆರೆದರೆ ತೇವ ಹಾರಿ, ಪೊರೆ ಒಣಗಿ ಉಳಿದ ಮರಿಗಳ ಮೈಗೆ ಕಾಗದದ ಹಾಗೆ ಬಿಗಿಯುತ್ತದೆ. ನೋಡುವ ಆಸೆಯಿದ್ದರೆ ಮೊದಲೇ ಮುಚ್ಚಳಕ್ಕೊಂದು ಗಾಜಿನ ತುಂಡು ಕೂರಿಸಿ.

ಮರಿ ಒಣಗಿ ಹತ್ತಿಯಂತಾದ ಮೇಲೆ ತೆಗೆಯಿರಿ. ಹಳದಿ ಹೊಟ್ಟೆಯಲ್ಲಿರುವುದರಿಂದ 48 ಗಂಟೆ ಅವಕ್ಕೆ ತಿನಿಸು ಬೇಕಿಲ್ಲ.

22ನೇ ದಿನ ಕಳೆದರೂ ಒಡೆಯದ ಮೊಟ್ಟೆಗಳನ್ನು ಎಸೆಯುವ ಮೊದಲು ಒಡೆದು ನೋಡಿ. ಪೂರ್ತಿ ಬೆಳೆದ ಮರಿ, ಮೈಯೆಲ್ಲ ನೀರು, ಗಾಳಿಕೋಣೆ ಚಿಕ್ಕದು: ತೇವ ಹೆಚ್ಚಾಯಿತು. ಮರಿ ಒಣಗಿ ಪೊರೆಗೆ ಅಂಟಿದ್ದು: ತೇವ ಸಾಲದು, ಅಥವಾ ಮುಚ್ಚಳ ತೆರೆದಿರಿ. ಹೆಚ್ಚಿನವು 19–20ಕ್ಕೇ ಬಂದು ಹೊಕ್ಕುಳು ಮುಚ್ಚಿಲ್ಲ: ಬಿಸಿ ಹೆಚ್ಚು. 22–23ಕ್ಕೆ ಬಂದು ಮರಿಗಳು ಮಂಕು: ಬಿಸಿ ಕಡಿಮೆ, ಇಲ್ಲವೇ ಮೊಟ್ಟೆ ಹಳತು. ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದರೆ ಮುಂದಿನ ಸಲಕ್ಕೆ ಆಗುತ್ತದೆ.

ಮರಿಗಳ ಮೊದಲ ತಿಂಗಳು

ಯಂತ್ರದಲ್ಲಿ ಒಡೆದ ಮರಿಗಳನ್ನು ಅದೇ ಹೊತ್ತಿಗೆ ಮರಿ ತೆಗೆದ ಹೇಂಟೆಯ ರೆಕ್ಕೆಯಡಿ ರಾತ್ರಿ ಸೇರಿಸಬಹುದು. ಎರಡು ಮೂರು ದಿನದೊಳಗಿನವನ್ನು ಹೆಚ್ಚಿನ ಹೇಂಟೆಗಳು ತನ್ನದೆಂದೇ ಒಪ್ಪಿಕೊಳ್ಳುತ್ತವೆ. ಯಂತ್ರದ ಲೆಕ್ಕವೂ ತಾಯಿಯ ಕಾವಲೂ ಒಟ್ಟಿಗೆ ಸಿಗುವ ಈ ದಾರಿಯೇ ಹಿತ್ತಿಲಿಗೆ ಸರಿಯಾದದ್ದು. ಬೆಳಗ್ಗೆ ಬೇಗ ಎದ್ದು ಕುಕ್ಕುತ್ತಿಲ್ಲವೇ ಎಂದು ನೋಡಿ.

ತಾಯಿಯಿಲ್ಲದಿದ್ದರೆ ದೀಪ. ನೆಲದಿಂದ ಒಂದೂವರೆ ಅಡಿ ಎತ್ತರದ ತಗಡನ್ನೋ ರಟ್ಟನ್ನೋ ವೃತ್ತವಾಗಿ ನಿಲ್ಲಿಸಿ. ಮೂಲೆಗಳಿದ್ದರೆ ಮರಿಗಳು ಅಲ್ಲಿ ಒತ್ತಿ ಸಾಯುತ್ತವೆ. ಮರಿಗೆ 2 ವಾಟ್ ಲೆಕ್ಕದಲ್ಲಿ, 30 ಮರಿಗೆ 60 ವಾಟಿನ ಬಲ್ಬು. ಮೊದಲ ವಾರ ಬಲ್ಬಿನಡಿ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸಿ. ಮಾಪಕ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನಡಿ ಗುಂಪಾಗಿ ಒದರುತ್ತಿದ್ದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದಿದ್ದರೆ ಸೆಕೆ, ಅಲ್ಲಲ್ಲಿ ಹರಡಿ ಮಲಗಿದ್ದರೆ ಸರಿ. ಒಂದೇ ಬದಿಗೆ ಸೇರಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಕರೆಂಟಿಲ್ಲದ ರಾತ್ರಿ ಗೆರಟೆ ಕೆಂಡದ ಮಡಕೆ ಇಡುವವರಿದ್ದಾರೆ. ಬೂದಿ ಮುಚ್ಚಿ ಇಟ್ಟರೆ ಬಿಸಿ ಚೆನ್ನಾಗಿರುತ್ತದೆ, ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಮರಿಗೂ ಮನುಷ್ಯರಿಗೂ ಅಪಾಯ. ಬಿಸಿನೀರಿನ ಬಾಟಲಿಯೇ ಲೇಸು.

ಹಾಸಿಗೆಗೆ ಎರಡು ಇಂಚು ಒಣ ಉಮಿ. ಮೊದಲ ಮೂರು ದಿನ ಉಮಿಯನ್ನೇ ತಿನ್ನದಂತೆ ಮೇಲೆ ಗೋಣಿ ಅಥವಾ ಒರಟು ಬಟ್ಟೆ. ನುಣುಪಾದ ಪೇಪರ್ ಹಾಸಿದರೆ ಕಾಲು ಜಾರಿ ಎರಡು ಕಡೆಗೆ ಅಗಲಿಸಿದ ಮರಿಗಳಾಗುತ್ತವೆ. ಅಂಥದಕ್ಕೆ ಎರಡು ಕಾಲುಗಳ ನಡುವೆ ಒಂದು ಇಂಚು ಬಿಟ್ಟು ಮೆತ್ತನೆ ಪ್ಲಾಸ್ಟರ್ ಕಟ್ಟಿದರೆ ಎರಡು ಮೂರು ದಿನದಲ್ಲಿ ಸರಿಯಾಗುತ್ತದೆ.

ಮೊದಲು ನೀರು, ಆಮೇಲೆ ತಿನಿಸು. ಲೀಟರು ಉಗುರುಬೆಚ್ಚನೆ ನೀರಿಗೆ 50 ಗ್ರಾಂ ಬೆಲ್ಲ, ಮೊದಲ ದಿನಕ್ಕೆ ಮಾತ್ರ. ಪ್ರತಿ ಮರಿಯ ಕೊಕ್ಕನ್ನೂ ಒಮ್ಮೆ ನೀರಿಗೆ ತಾಗಿಸಿ ಬಿಡಿ. ಗೆರಟೆಯಲ್ಲಿ ನೀರಿಟ್ಟರೆ ಬೆಣಚುಕಲ್ಲು ತುಂಬಿಸಿ, ಇಲ್ಲದಿದ್ದರೆ ಮುಳುಗುತ್ತವೆ. ಮೊದಲ ದಿನ ಸಣ್ಣ ಅಕ್ಕಿನುಚ್ಚು, ಆಮೇಲೆ ಶೇಕಡಾ 20 ಪ್ರೋಟೀನಿನ ಮರಿ ಆಹಾರ. ಮೊದಲ ವಾರ ಮರಿಗೆ ದಿನಕ್ಕೆ ಹತ್ತು ಗ್ರಾಂ ಸಾಕಾಗುತ್ತದೆ. ಬರೀ ಅನ್ನ, ನುಚ್ಚಿನಲ್ಲಿ ಬೆಳೆದ ಮರಿಗೆ ಗರಿ ಬರುವುದಿಲ್ಲ, ರೆಕ್ಕೆ ಜೋಲುತ್ತದೆ. ಗೆದ್ದಲು ಒಳ್ಳೆಯ ಪೂರಕ: ಹಳೆ ಮಡಕೆಗೆ ಒಣ ಸೆಗಣಿ, ಹರಿದ ಗೋಣಿ ತುಂಬಿ ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಇಟ್ಟರೆ ಬೆಳಗ್ಗೆ ಹಿಡಿ ತುಂಬ ಸಿಗುತ್ತದೆ. ತೆಂಗಿನ ಹಿಂಡಿ, ನೆಲಗಡಲೆ ಹಿಂಡಿ ಮಳೆಗಾಲದಲ್ಲಿ ಬೂಸ್ಟು ಹಿಡಿದಿದ್ದರೆ ಒಣಗಿಸಿ ಕೊಡುವ ಯೋಚನೆ ಬೇಡ. ಬೂಸ್ಟಿನ ವಿಷ ಬಿಸಿಲಿಗೆ ಹೋಗುವುದಿಲ್ಲ. ಆಹಾರದ ಚೀಲ ನೆಲದಿಂದ ಮೇಲೆ, ಹಲಗೆಯ ಮೇಲಿರಲಿ, ಒಮ್ಮೆಗೆ ಎರಡು ವಾರಕ್ಕಾಗುವಷ್ಟೇ ತನ್ನಿ.

ಮರಿಯ ಹಿಂಭಾಗದಲ್ಲಿ ಹಿಕ್ಕೆ ಒಣಗಿ ಮುಚ್ಚಿಕೊಂಡಿದ್ದರೆ ಎಳೆಯಬೇಡಿ, ಬಿಸಿನೀರಿನಲ್ಲಿ ನೆನೆಸಿ ತೆಗೆದು ತೆಂಗಿನೆಣ್ಣೆ ಹಚ್ಚಿ.

ರೋಗ, ಲಸಿಕೆ

ನಾವು ಕೊಕ್ಕರೆ ರೋಗ, ರಾಣಿಖೇಟ್ ಎನ್ನುವುದಕ್ಕೆ ಮಲಯಾಳದಲ್ಲಿ ಕೋಳಿ ವಸಂತ ಎನ್ನುತ್ತಾರೆ. ಮೃಗಾಸ್ಪತ್ರೆಯಲ್ಲಿ ಹಾಗೆಯೇ ಕೇಳಿದರೆ ಬೇಗ ಗೊತ್ತಾಗುತ್ತದೆ. ಹಸಿರು ಭೇದಿ, ಕುತ್ತಿಗೆ ತಿರುಚುವುದು, ಎರಡು ದಿನದಲ್ಲಿ ಗೂಡು ಖಾಲಿ. ಬಂದ ಮೇಲೆ ಮದ್ದಿಲ್ಲ. 5–7ನೇ ದಿನ ಅದರ ಲಸಿಕೆ, ಲಸೋಟಾ ಅಥವಾ ಎಫ್‌–1, ಕಣ್ಣಿಗೆ ಒಂದು ಹನಿ. 14ನೇ ದಿನ ಗುಂಬೋರೊ ಎಂಬ ಇನ್ನೊಂದು ರೋಗದ ಲಸಿಕೆ. 28ರ ಹೊತ್ತಿಗೆ ಲಸೋಟಾ ಇನ್ನೊಮ್ಮೆ. ಆರು ವಾರಕ್ಕೆ ಸಿಡುಬಿನದು, ರೆಕ್ಕೆಯ ಚರ್ಮಕ್ಕೆ ಚುಚ್ಚುವುದು. ಎಂಟು ವಾರಕ್ಕೆ ಕೊಕ್ಕರೆ ರೋಗದ್ದೇ ಇನ್ನೊಂದು ಲಸಿಕೆ ಆರ್‌2ಬಿ, ಅರ್ಧ ಮಿಲಿ ಚುಚ್ಚುಮದ್ದು, ಅದಕ್ಕೆ ಒಂದು ವಾರ ಮೊದಲು ಜಂತಿನ ಮದ್ದು. ಲಸಿಕೆಯ ಚಿಕ್ಕ ಸೀಸೆಯಲ್ಲೇ ನೂರಕ್ಕೆ ಕಡಿಮೆಯಿಲ್ಲದ ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಒಬ್ಬರ ಹದಿನೈದು ಮರಿಗೆ ಒಂದು ಸೀಸೆ ಒಡೆಯುವುದು ದಂಡ. ನೆರೆಯ ನಾಲ್ಕೈದು ಮನೆಯವರೋ ಕುಡುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಗುಂಪಿನವರೋ ಒಂದೇ ವಾರ ಮರಿ ತೆಗೆಯುವಂತೆ ಮೊಟ್ಟೆಯಿಟ್ಟರೆ ಎಲ್ಲರದ್ದೂ ಒಂದೇ ದಿನ ಮುಗಿಯುತ್ತದೆ. ಥರ್ಮಾಸಿನಲ್ಲಿ ಐಸ್ ಹಾಕಿ ತನ್ನಿ, ಬಸ್ಸಿನಲ್ಲಿ ಕೈಯಲ್ಲಿ ಹಿಡಿದು ತಂದ ಲಸಿಕೆ ಬರೀ ನೀರು. ಮಂಕಾಗಿರುವ ಮರಿಗಳಿಗೆ ಲಸಿಕೆ ಬೇಡ.

ರಕ್ತಭೇದಿ ಬರುವುದು ಮೂರರಿಂದ ಆರನೇ ವಾರದ ನಡುವೆ. ಮರಿ ಗರಿ ಉಬ್ಬಿಸಿ ಕಣ್ಣು ಮುಚ್ಚಿ ನಿಲ್ಲುತ್ತದೆ, ಹಿಕ್ಕೆ ಕೆಂಪಗೆ. ಒಂದು ಹಿಡಿ ಉಮಿ ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ರೋಗದ ಬೀಜ ಅದರಲ್ಲಿ ಮೊಳೆಯುತ್ತಿದೆ ಎಂದೇ ಅರ್ಥ. ದಿನಾ ಉಮಿ ಕೆದಕಿ, ನೀರಿನ ಪಾತ್ರೆಯ ಸುತ್ತ ಒದ್ದೆಯಾದದ್ದನ್ನು ತೆಗೆದು ಹೊಸದು ಹಾಕಿ, ಚದರ ಮೀಟರಿಗೆ ಒಂದು ಹಿಡಿ ಅರಳಿದ ಸುಣ್ಣ ಬೆರೆಸಿ. ನೀರಿನ ಪಾತ್ರೆಯನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿದರೆ ಚೆಲ್ಲುವುದೇ ಅರ್ಧ ಕಡಿಮೆ. ರೋಗ ಕಾಣಿಸಿಕೊಂಡರೆ ಆಂಪ್ರೋಲಿಯಂ ಶೇಕಡಾ 20ರ ಪುಡಿ, ಲೀಟರು ನೀರಿಗೆ 1.2 ಗ್ರಾಂ, ಐದು ದಿನ. ಬೇರೆ ನೀರು ಆಗ ಇಡಬಾರದು. ಪುಡಿಯ ಪ್ರಮಾಣ ಪೊಟ್ಟಣದಿಂದ ಪೊಟ್ಟಣಕ್ಕೆ ಬೇರೆ ಇರುತ್ತದೆ, ಓದಿ ನೋಡಿ, ಮೃಗಾಸ್ಪತ್ರೆಯಲ್ಲಿ ಕೇಳಿಯೇ ಕೊಡಿ.

ಸಿಡುಬು ಸೊಳ್ಳೆಯಿಂದ ಹರಡುತ್ತದೆ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ, ಮಗುಚದ ಗೆರಟೆಯಲ್ಲಿ ನಿಂತ ನೀರೇ ಸೊಳ್ಳೆಯ ತವರು. ಗುಳ್ಳೆಗೆ ಅರಿಶಿನ, ಬೇವು ಅರೆದು ಹಚ್ಚಿದರೆ ಹುಣ್ಣು ಕೊಳೆಯುವುದು ತಪ್ಪುತ್ತದೆ, ರೋಗ ಹೋಗುವುದಿಲ್ಲ.

ಅಂಗಳಕ್ಕೆ ಬಿಡುವಾಗ

ಒಂದು ತಿಂಗಳವರೆಗೆ ಮರಿಗೆ ಅರ್ಧ ಚದರ ಅಡಿ, ಎರಡು ತಿಂಗಳವರೆಗೆ ಒಂದು ಚದರ ಅಡಿ ಜಾಗ. ರಾತ್ರಿಯ ಗೂಡು ಅಡಿಕೆ ಸಲಾಕೆಯ ತಳದ್ದು, ನೆಲದಿಂದ ಎರಡೂವರೆ ಅಡಿ ಮೇಲೆ ಇದ್ದರೆ ಹಿಕ್ಕೆ ಕೆಳಗೆ ಬಿದ್ದು ನೆಲ ಒಣಗಿರುತ್ತದೆ. ಮರಿಗಳ ಕಾಲು ಸಂದಿಗೆ ಸಿಕ್ಕದಂತೆ ಸಲಾಕೆಯ ಮೇಲೆ ಅರ್ಧ ಇಂಚಿನ ವೆಲ್ಡ್ ಬಲೆ ಹಾಸಿ. ಗೋಡೆಗೂ ಅದೇ ಬಲೆ. ಆರು ಮೂಲೆಯ ಕೋಳಿಬಲೆಯ ಕಣ್ಣಿನಲ್ಲಿ ಕೇರೆಹಾವು ಸಲೀಸಾಗಿ ಬರುತ್ತದೆ, ಮರಿ ನುಂಗಿ ಹೊಟ್ಟೆ ಉಬ್ಬಿದ ಮೇಲೆ ಹೊರಗೆ ಹೋಗಲಾಗದೆ ಬೆಳಗ್ಗೆ ಒಳಗೇ ಸಿಗುತ್ತದೆ. ಕೀರಿ ಹಗಲು ಬರುತ್ತದೆ, ಕಾಡುಬೆಕ್ಕು ರಾತ್ರಿ, ಹೆಗ್ಗಣ ನೆಲ ಕೊರೆದು. ಕಾಗೆ, ಗಿಡುಗ ನೋಡುವುದು ತಾಯಿಯಿಂದ ಹತ್ತು ಹೆಜ್ಜೆ ದೂರವಾದ ಮರಿಯನ್ನು. ಮೊದಲ ಹತ್ತು ದಿನ ತಾಯಿಯನ್ನು ಬಿದಿರಿನ ಕುಕ್ಕೆಯಡಿ ಮುಚ್ಚಿ ಮರಿಗಳನ್ನು ಹೊರಗೆ ಓಡಾಡಲು ಬಿಟ್ಟರೆ ಅವು ದೂರ ಹೋಗುವುದಿಲ್ಲ. ಹೊಳೆಯುವ ಸಿಡಿ ತೂಗುಹಾಕುವುದು ಒಂದು ವಾರ ನಡೆಯುತ್ತದೆ, ಆಮೇಲೆ ಕಾಗೆಯೇ ಅದರ ಮೇಲೆ ಕೂರುತ್ತದೆ. ಬಾಳೆ, ದಾಸವಾಳದ ಪೊದೆ ಅಂಗಳದ ಹತ್ತಿರ ಇದ್ದರೆ ಮರಿ ತಾನೇ ಅಡಗಿಕೊಳ್ಳುತ್ತದೆ.

ಹುಲ್ಲಿನ ಮೇಲಿನ ಮಂಜು ಆರಿದ ಮೇಲೆ, ಎಂಟೂವರೆ ಒಂಬತ್ತಕ್ಕೆ ಬಿಡಿ. ಆರೇಳು ವಾರಕ್ಕೆ ತಾಯಿಯೇ ಕುಕ್ಕಿ ದೂರ ಮಾಡಲು ತೊಡಗುತ್ತದೆ. ಆಗ ಮರಿಗಳನ್ನು ಹಳೆ ಕೋಳಿಗಳ ಜೊತೆ ನೇರ ಸೇರಿಸದೆ ಒಂದು ವಾರ ಬಲೆಯ ಆಚೆ ಈಚೆ ಇಟ್ಟು, ಆಮೇಲೆ ರಾತ್ರಿ ಗೂಡಿಗೆ ಬಿಡಿ. ತಿನಿಸಿನ ತಟ್ಟೆ ಎರಡು ಕಡೆ ಇಡಿ, ಒಂದೇ ಇದ್ದರೆ ಚಿಕ್ಕವು ಹಸಿದುಕೊಂಡಿರುತ್ತವೆ. ಮೂರು ತಿಂಗಳ ಹೊತ್ತಿಗೆ ಹುಂಜ ಯಾವುದು, ಹೇಂಟೆ ಯಾವುದು ಜುಟ್ಟಿನಲ್ಲಿ, ಬಾಲದ ಗರಿಯಲ್ಲಿ ಸ್ಪಷ್ಟವಾಗುತ್ತದೆ. ಅರ್ಧದಷ್ಟು ಹುಂಜಗಳೇ ಇರುತ್ತವೆ. ಒಳ್ಳೆಯ ಬಣ್ಣದವಕ್ಕೆ ದೈವದ ಕೋಲ, ನೇಮದ ಕಾಲದಲ್ಲಿ ಮನೆಬಾಗಿಲಿಗೇ ಗಿರಾಕಿ ಬರುತ್ತಾರೆ. ಮುಂದಿನ ವರ್ಷದ ಮೊಟ್ಟೆಗೆ ಇಟ್ಟುಕೊಳ್ಳುವ ಹುಂಜವನ್ನು ಮಾತ್ರ ಬೇರೆ ಮನೆಯಿಂದ ಬದಲಿಸಿಕೊಳ್ಳಿ. ಅದೇ ತಾಯಿಯ ಮಗನನ್ನು ಅದೇ ಹಿತ್ತಿಲಲ್ಲಿ ಬಿಟ್ಟರೆ ಎರಡು ಮೂರು ತಲೆಮಾರಿಗೆ ಗೊಡ್ಡು ಮೊಟ್ಟೆ ಹೆಚ್ಚುತ್ತದೆ.